ಗೇರುಬೀಜದ ಟಬ್ಬು

ಡೊಂಬಿವಲಿ ಪೂರ್ವ
12 ಜುಲೈ 2009, ಭಾನುವಾರ

ಅಂಬಾರಾಯನಿಗೆ ದೇವದಾಸನ ನಮಸ್ಕಾರ.

ನನ್ನ ಅಕ್ಷರ ನೋಡಿದ ಕೂಡಲೇ ಕಾಗದ ಹರಿದು ಹಾಕಬೇಡ. ಪೂರ್ತಿ ಓದಿ, ಆಮೇಲೆ ಬೇಕಾದರೆ ಹರಿ. ಮೊದಲು ನಮ್ಮ ಜೊತೆ ಲೈಟಿನ ಕೆಲಸ ಮಾಡುತ್ತಿದ್ದ ಮುಂಡಪ್ಪ ಕಳೆದ ವಾರ ಕಲ್ಯಾಣ ಸ್ಟೇಶನ್ನಿನಲ್ಲಿ ಸಿಕ್ಕಿದ್ದ. ನಿನ್ನ ವಿಳಾಸ ಕೊಟ್ಟವನು ಅವನೇ. "ಫೋನ್ ಮಾಡಿ ಪ್ರಯೋಜನ ಇಲ್ಲ ಮಾರಾಯ. ಅವನಿಗೆ ಕಿವಿ ಕೇಳುದಿಲ್ಲ. ಮಗಳು ಮುಕ್ತಾ ಫೋನ್ ಎತ್ತಿ ಮರಾಠಿಯಲ್ಲಿ ಮಾತಾಡ್ತಾಳೆ. ನೀನು ಕಾಗದ ಬರಿ" ಎಂದ. ನಿನಗೆ ಕಿವಿ ಕೇಳುವುದಿಲ್ಲ ಎಂದರೆ ನನಗೆ ನಂಬಲಿಕ್ಕೇ ಆಗಲಿಲ್ಲ. ಯಾರಾದರೂ ಟೈಲ್ಸಿನ ಮೇಲೆ ಒಂದು ರೂಪಾಯಿ ನಾಣ್ಯ ಬಡಿದರೆ, ಹಿಂದೆ ಸಿಮೆಂಟು ತುಂಬಿದೆಯೋ ಪೊಳ್ಳೋ ಎಂದು ಪಕ್ಕದ ಕೋಣೆಯಿಂದಲೇ ಹೇಳುತ್ತಿದ್ದವನು ನೀನು.

ನಿನ್ನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಠಾಕುರ್ಲಿ ಎಂಬ ಒಂದೇ ಸ್ಟೇಶನ್. ಆದರೂ ಒಬ್ಬರ ಮುಖ ಒಬ್ಬರು ನೋಡದೆ ಎಂಟು ವರ್ಷ ಆಯಿತು ನೋಡು.

ವಿಷಯ ನಳಿನಾಕ್ಷಿಯದು. ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಔಷಧದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ನಿಂತೇ ಪ್ಯಾಕಿಂಗ್ ಮಾಡಿ ಮಾಡಿ ಅವಳ ಮೊಣಕಾಲು ಎರಡೂ ಹೋಗಿವೆ. ಸ್ನಾನದ ಮಣೆಯ ಮೇಲೆ ಕೂತರೆ ಏಳಲಾಗುವುದಿಲ್ಲ, ನಿಂತರೆ ಚೆಂಬು ಎತ್ತಲಾಗುವುದಿಲ್ಲ. ಸೊಂಟದವರೆಗೆ ಬಿಸಿನೀರಲ್ಲಿ ದಿನಾ ಅರ್ಧ ಗಂಟೆ ಕೂತರೆ ನೋವು ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನಾನು ಈಗ ವಾಶಿಯ ಒಂದು ಹೋಟೆಲಿನಲ್ಲಿ ನಲ್ಲಿ-ಪೈಪು ನೋಡಿಕೊಂಡಿದ್ದೇನೆ. ಅಲ್ಲಿ ಮೇಲಿನ ಕೋಣೆಯ ಬಾತ್‌ರೂಮು ಒಡೆದರು, ಹಳೆಯ ಟಬ್ಬನ್ನು ಸೇಟು ನನಗೆ ಕೊಟ್ಟರು. ಅದು ದುಂಡೂ ಅಲ್ಲ, ಚೌಕವೂ ಅಲ್ಲ, ಥೇಟು ಗೇರುಬೀಜದ ಹಾಗೆ ಇದೆ. ನಾಲ್ಕು ಜನ ಸೇರಿ ಮೂರು ಮಾಳಿಗೆ ಹತ್ತಿಸಿದೆವು. ನಮ್ಮ ಸೊಸೈಟಿಯ ಸೆಕ್ರೆಟರಿ ಬಾಗಿಲಲ್ಲಿ ನಿಂತು, ದೋಣಿ ತಂದಿರೋ ಎಂದು ಮರಾಠಿಯಲ್ಲಿ ಕೇಳಿದರು.

ಟಬ್ಬಿನ ಉಬ್ಬಿದ ಬೆನ್ನು ಬಚ್ಚಲಿನ ಮೂಲೆಗೆ ಚೆನ್ನಾಗಿಯೇ ಕೂತಿತ್ತು. ಆದರೆ ಹಾಗೆ ಕೂರಿಸಿದರೆ ತಲೆ ಒರಗಿಸುವ ಜಾಗ ಉತ್ತರಕ್ಕೆ ಬರುತ್ತದೆ. ನಳಿನಾಕ್ಷಿ ಬಾಗಿಲು ಹಿಡಿದು ನಿಂತು ನೋಡಿದವಳೇ, "ಉತ್ತರಕ್ಕೆ ತಲೆ ಇಡುದು ಹೆಣವನ್ನು. ನಾನು ಇನ್ನೂ ಇದ್ದೇನೆ" ಎಂದಳು. ಸರಿ, ತಿರುಗಿಸಿದೆ. ಈಗ ತಲೆ ದಕ್ಷಿಣಕ್ಕಿದೆ, ಅವಳಿಗೆ ಸಮಾಧಾನ. ಆದರೆ ಒಳಬಾಗಿದ ಹೊಟ್ಟೆ ಗೋಡೆಯ ಕಡೆಗೆ ಬಂತು. ಗೋಡೆಗೂ ಟಬ್ಬಿಗೂ ನಡುವೆ ಒಂದು ಗೇಣು ಸಂದು, ಎರಡು ತುದಿಯಲ್ಲಿ ಎರಡೆರಡೇ ಬೆರಳು. ಉಬ್ಬಿದ ಬೆನ್ನು ಹೊರಗೆ. ಅದಕ್ಕೆ ಮೊಣಕಾಲೆತ್ತರದ ಬಾಗಿದ ಇಟ್ಟಿಗೆ ಗೋಡೆ ಕಟ್ಟಿ ಟೈಲ್ಸ್ ಹಚ್ಚಬೇಕು. ಮೂರು ಜನ ಮೇಸ್ತ್ರಿಗಳು ಬಂದು ನೋಡಿದರು. ಒಬ್ಬ, ಟೈಲ್ಸ್ ಒಡೆದು ಚೂರು ಹಚ್ಚುತ್ತೇನೆ ಎಂದ. ಇನ್ನೊಬ್ಬ, ಮೊದಲಿದ್ದ ಹಾಗೇ ತಿರುಗಿಸಿ ಎಂದ. ಮೂರನೆಯವನು ಚಹಾ ಕುಡಿದು ಹೋದವನು ಮತ್ತೆ ಬರಲಿಲ್ಲ.

ನಾವಿಬ್ಬರೂ ಕೆಲಸ ಮಾಡಿದ ಕಳ್ವಾದ ಮನೆಯಲ್ಲಿ ದುಂಡು ಕಂಬಕ್ಕೆ ನೀನು ಎರಡು ಬೆರಳಗಲದ ಪಟ್ಟಿ ಕತ್ತರಿಸಿ ಹಚ್ಚಿದ್ದು ನನಗೆ ನೆನಪಿದೆ. ಇದು ನಿನ್ನ ಕೈಯಿಂದಲೇ ಆಗಬೇಕಾದ ಕೆಲಸ. ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ, ಒಮ್ಮೆ ಬಂದು ನೋಡು.

ನಿನ್ನ,
ದೇವದಾಸ್


ಕಲ್ಯಾಣ ಪೂರ್ವ, ಕೋಳಸೇವಾಡಿ
24 ಜುಲೈ 2009

ದೇವದಾಸನಿಗೆ ಶರಣು.

ಕಾಗದ ಹರಿದಿಲ್ಲ. ಎರಡು ಸಲ ಓದಿದೆ.

ಗೋಡೆಗೆ ಟೈಲ್ಸ್ ಹಚ್ಚುವುದನ್ನು ನಾನು ಬಿಟ್ಟು ಎಂಟು ವರ್ಷವಾಯಿತು. ಈಗ ನೆಲದ ಕೆಲಸ ಮಾತ್ರ ಮಾಡುತ್ತೇನೆ. ಗ್ರಾನೈಟು, ಕೋಟಾ ಕಲ್ಲು ಕತ್ತರಿಸಿ ಹಾಸುತ್ತೇನೆ. ನೆಲ ಬೀಳುವುದಿಲ್ಲ. ಕಿವಿ ಹೋದದ್ದು ಆ ಕಲ್ಲು ಕತ್ತರಿಸುವ ಮಷೀನಿನಿಂದ. ಮೊದಮೊದಲು ಗುಂಯ್ ಅನ್ನುತ್ತಿತ್ತು, ಈಗ ಅದೂ ಇಲ್ಲ. ಮುಕ್ತಾ ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಅಷ್ಟಿಷ್ಟು ಕೇಳುತ್ತದೆ. ಅದೂ ಬೈಗುಳವಾದರೆ ಬೇಗ ಕೇಳುತ್ತದೆ ಅನ್ನುತ್ತಾಳೆ.

ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದು ಬರೆದಿದ್ದೀ. ನಿನ್ನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಂಬಿಕೆ ಹೋಗಿರುವುದು ನನ್ನ ಕೈಯ ಮೇಲೆ.

ಬೇರೆ ಮೇಸ್ತ್ರಿ ಸಿಕ್ಕರೆ ಅವನಿಗೆ ಇಷ್ಟು ಹೇಳು. ಮೊದಲು ರಟ್ಟಿನ ಮೇಲೆ ಟಬ್ಬಿನ ಅಂಚಿನ ಗೆರೆ ಬರೆದು ಕತ್ತರಿಸಿಕೊಳ್ಳಬೇಕು. ಸಂದಿನ ಮೇಲೆ ಬರುವ ಕಟ್ಟೆಯ ಇಳಿಜಾರು ಟಬ್ಬಿನ ಕಡೆಗೇ ಇರಬೇಕು, ಗೋಡೆಯ ಕಡೆಗೆ ನೀರು ನಿಲ್ಲಬಾರದು. ಪೂರ್ತಿ ಟೈಲ್ಸ್ ಬಾಗಿಲಿನಿಂದ ಶುರುವಾಗಲಿ, ತುಂಡು ಬಂದರೆ ಬಾಗಿಲ ಹಿಂದೆ ಬರಲಿ. ಚೂರು ಹಚ್ಚುವವನನ್ನು ಒಳಗೆ ಬಿಡಬೇಡ.

ನಳಿನಾಕ್ಷಿ ತಂಗಿಯ ಕಾಲಿನ ಸುದ್ದಿ ಓದಿ ಕೆಟ್ಟದನಿಸಿತು. ನಿಮ್ಮ ಮನೆಯ ಹುರುಳಿ ಸಾರು ನನ್ನ ನಾಲಿಗೆಗೆ ಇನ್ನೂ ನೆನಪಿದೆ.

ಅಂಬಾರಾಯ


ಡೊಂಬಿವಲಿ
9 ಆಗಸ್ಟ್ 2009

ಅಂಬಾರಾಯಣ್ಣನಿಗೆ ನಳಿನಾಕ್ಷಿಯ ನಮಸ್ಕಾರಗಳು.

ನಾನು ಬರೆಯುವುದು ಇವರಿಗೆ ಗೊತ್ತಿಲ್ಲ. ನಿಮ್ಮ ಕಾಗದ ಬಂದ ದಿನ ಇವರು ಅದನ್ನು ಓದಿ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಊಟ ಸರಿಯಾಗಿ ಮಾಡಲಿಲ್ಲ. ಸಂಜೆ ಹುಡುಕಿದರೆ ಬಚ್ಚಲಿನಲ್ಲಿ, ನೀರಿಲ್ಲದ ಟಬ್ಬಿನ ಒಳಗೆ, ಪ್ಯಾಂಟು ಶರ್ಟು ಹಾಕಿಕೊಂಡೇ ಕೂತಿದ್ದಾರೆ! "ಎಂತ ಮಾಡ್ತಿದ್ದೀರಿ?" ಎಂದು ಕೇಳಿದೆ. "ಅಳತೆ ನೋಡ್ತಿದ್ದೆ" ಎಂದರು. ಅಳತೆ ನೋಡುವವರ ಕಣ್ಣು ಕೆಂಪಾಗುವುದಿಲ್ಲ ಅಣ್ಣ.

ಠಾಣೆ ಊರಿನ ಆ ಮನೆಯಲ್ಲಿ ಆ ದಿನ ಏನಾಯಿತೆಂದು ಇವರು ನನಗೆ ಇದುವರೆಗೆ ಹೇಳಿಲ್ಲ. ಗೋಡೆಯ ಟೈಲ್ಸ್ ಬಿತ್ತು, ಇನ್ನು ಅಂಬಾರಾಯನ ಜೊತೆ ಕೆಲಸ ಇಲ್ಲ ಎಂದದ್ದು ಮಾತ್ರ. ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಉಣ್ಣುತ್ತಿದ್ದವರು ಒಮ್ಮೆಲೇ ಬರುವುದು ಬಿಟ್ಟಿರಿ. ನಾನೂ ಕೇಳಬೇಕಿತ್ತು, ಕೇಳಲಿಲ್ಲ. ಅದು ನನ್ನ ತಪ್ಪು.

ಟಬ್ಬು ಈಗ ನಾಲ್ಕು ಇಟ್ಟಿಗೆಯ ಮೇಲೆ ಕೂತಿದೆ. ಒಣಗದ ಬಟ್ಟೆ, ಬಕೇಟು, ಅಕ್ಕಿಯ ಖಾಲಿ ಚೀಲ ಎಲ್ಲ ಅದರೊಳಗೆ. ನನಗೇನೂ ಅದರ ಮೇಲೆ ಆಸೆ ಇರಲಿಲ್ಲ. ಎಮ್ಮೆ ಕೆರೆಯಲ್ಲಿ ಕೂತ ಹಾಗೆ ನೀರಲ್ಲಿ ಕೂರುವುದೆಂದರೆ ನಾಚಿಕೆಯೇ. ಆದರೆ ಎರಡು ವರ್ಷದಿಂದ ದೀಪಾವಳಿಗೆ ನನಗೆ ಎಣ್ಣೆಸ್ನಾನ ಇಲ್ಲ. ಊರಿನಲ್ಲಾದರೆ ಹಿಂದಿನ ಸಂಜೆ ಹಂಡೆ ತಿಕ್ಕಿ, ಬಳ್ಳಿ ಸುತ್ತಿ, ನೀರು ತುಂಬಿಸುತ್ತಿದ್ದೆವು. ಬೆಳಿಗ್ಗೆ ಅಮ್ಮ ಎಣ್ಣೆ ಹಚ್ಚಿ, ಮೈ ಕೆಂಪಾಗುವವರೆಗೆ ಬಿಸಿನೀರು ಹೊಯ್ಯುತ್ತಿದ್ದರು. ಆ ಸುಖ ಇನ್ನೊಮ್ಮೆ ಬೇಕು ಅನ್ನಿಸುತ್ತದೆ. ಆಸೆ ಇಷ್ಟೇ.

ನಿಮ್ಮ ಕೈಯ ಮೇಲೆ ನಿಮಗೆ ಏಕೆ ನಂಬಿಕೆ ಹೋಯಿತು? ನನಗೆ ಹೇಳಬಹುದಾದರೆ ಹೇಳಿ.

ನಿಮ್ಮ ತಂಗಿ,
ನಳಿನಾಕ್ಷಿ


ಕಲ್ಯಾಣ ಪೂರ್ವ
20 ಆಗಸ್ಟ್ 2009

ತಂಗಿ ನಳಿನಾಕ್ಷಿಗೆ ಶರಣು.

ಕೇಳಿದ್ದಕ್ಕೆ ಹೇಳುತ್ತೇನೆ. ಇದುವರೆಗೆ ಯಾರೂ ಕೇಳಿರಲಿಲ್ಲ.

ಪಾಂಚ್‌ಪಾಖಾಡಿಯಲ್ಲಿ ಒಬ್ಬ ಡಾಕ್ಟರ ಮನೆ, ಅದೇ ಠಾಣೆಯದು. ಪೈಪು ದೇವದಾಸನದು, ಟೈಲ್ಸ್ ನನ್ನದು. ನಾಲ್ಕು ತಿಂಗಳಿಗೆ ಬಾತ್‌ರೂಮಿನ ಗೋಡೆಯಿಂದ ಎರಡು ಸಾಲು ಕಳಚಿ ಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ, ಅದು ದೇವರ ದಯೆ. ಡಾಕ್ಟರು ಬಿಲ್ಡಿಂಗಿನ ಜನರನ್ನೆಲ್ಲ ಕರೆದು ನನ್ನ ಕೈಗೆ ಒಂದು ನಾಣ್ಯ ಕೊಟ್ಟರು. "ಬಜಾವ್", ಬಡಿದು ತೋರಿಸು ಎಂದರು. ಒಂದೊಂದೇ ಟೈಲ್ಸ್ ಬಡಿದೆ. ಪೊಳ್ಳು. ಮತ್ತೊಂದು ಬಡಿದೆ. ಅದೂ ಪೊಳ್ಳು. ಜನ ನಕ್ಕರು. ಆಗ ನನ್ನ ಕಿವಿ ಚೆನ್ನಾಗಿತ್ತು ತಂಗಿ, ಎಲ್ಲ ಕೇಳಿಸಿತು.

ದೇವದಾಸನೂ ಅಲ್ಲೇ ಪೈಪು ಬಿಗಿಯುವ ಪಾನಾ ಹಿಡಿದು ನಿಂತಿದ್ದ. ನನ್ನ ಮುಖ ನೋಡಲಿಲ್ಲ. ನನ್ನ ಸಲುವಾಗಿ ಅವನಿಗೂ ನಾಚಿಕೆಯಾಗಿರಬೇಕು. ಅದಕ್ಕೇ ನಾನಾಗಿಯೇ ದೂರ ಉಳಿದೆ. ನನ್ನಿಂದ ಅವನ ಹೆಸರೂ ಕೆಡುವುದು ಬೇಡವೆಂದು.

ಅವತ್ತು ಟೈಲ್ಸ್ ನೆನೆಸಿದವನು ನಾನು, ಸಿಮೆಂಟು-ಉಸುಕಿನ ಮಾಲು ಕಲಸಿದವನು ನಾನು. ಉಸುಕು ಹೆಚ್ಚಾಯಿತೋ, ನೀರು ಕಡಿಮೆಯಾಯಿತೋ, ಎಲ್ಲಿ ತಪ್ಪಿದೆನೆಂದು ಎಂಟು ವರ್ಷ ಯೋಚಿಸಿದೆ. ಸಿಗಲಿಲ್ಲ. ತಪ್ಪು ಸಿಕ್ಕಿದ್ದರೆ ತಿದ್ದಿಕೊಂಡು ಮತ್ತೆ ಗೋಡೆ ಹಿಡಿಯುತ್ತಿದ್ದೆ. ಸಿಗದ ತಪ್ಪನ್ನು ತಿದ್ದುವುದು ಹೇಗೆ? ನಿನ್ನ ಗೋಡೆ ನಿನ್ನ ಮೈಮೇಲೆ ಬಿದ್ದರೆ ನಾನು ಬದುಕಿರಲಾರೆ. ಅದಕ್ಕೇ ಬರುವುದಿಲ್ಲ ಎಂದೆ. ಅಣ್ಣನ ಮೇಲೆ ಬೇಸರ ಬೇಡ.

ಅಂಬಾರಾಯ


ಡೊಂಬಿವಲಿ
30 ಆಗಸ್ಟ್ 2009, ಭಾನುವಾರ

ಅಂಬಾರಾಯ,

ನೀನು ನಳಿನಾಕ್ಷಿಗೆ ಬರೆದ ಕಾಗದವನ್ನು ಅವಳು ನನ್ನ ಮುಂದೆ ಇಟ್ಟು ಅಡುಗೆಮನೆಗೆ ಹೋದಳು. ಓದಿದೆ. ಮೊದಲು ಅವಳಿಗೆ ಹೇಳಿದೆ, ಈಗ ನಿನಗೆ ಬರೆಯುತ್ತಿದ್ದೇನೆ.

ನಿನ್ನ ಮಾಲಿನಲ್ಲಿ ತಪ್ಪಿರಲಿಲ್ಲ. ನಿನ್ನ ಕೈಯಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನದು.

ಗೋಡೆಯ ಒಳಗೆ, ಗೀಜರಿಗೆ ಹೋಗುವ ಪೈಪು ತಿರುಗುವಲ್ಲಿ ಒಂದು ಎಲ್ಬೋ ಇತ್ತು. ಅಳತೆ ನೋಡಲಿಕ್ಕೆಂದು ಅದನ್ನು ಬರೇ ಕೈಯಲ್ಲಿ ತಿರುಗಿಸಿ ಇಟ್ಟಿದ್ದೆ. ಊಟ ಮಾಡಿ ಬಂದು ಬಿಚ್ಚಿ, ನೀರು ಒಸರದ ಹಾಗೆ ದಾರ ಸುತ್ತಿ, ಸಫೇದಾ ಬಿಳಿ ಹಚ್ಚಿ, ಪಾನಾ ಹಾಕಿ ಬಿಗಿಯುವುದೆಂದು ಇದ್ದೆ. ಮರೆತೆ. ಗೋಡೆ ಮುಚ್ಚುವ ಮೊದಲು ನೀನು "ಆಯ್ತೇನೋ ನಿಂದು?" ಎಂದು ಕೇಳಿದ್ದೆ. ನೀನು ಯಾವಾಗಲೂ ಕೇಳಿಯೇ ಮುಚ್ಚುತ್ತಿದ್ದೆ. ಆಯಿತು ಎಂದೆ ನಾನು. ನಾಲ್ಕು ತಿಂಗಳು ಆ ಜಾಗದಿಂದ ನೀರು ಒಸರಿ ಗೋಡೆಯ ಒಳಗೇ ಇಳಿದಿದೆ. ಯಾವ ಮಾಲು ನಿಲ್ಲುತ್ತದೆ ಅದರಲ್ಲಿ?

ನೀನು ನಾಣ್ಯ ಬಡಿಯುವಾಗ ನನಗೆ ಸಂಶಯ ಬಂದಿತ್ತು. ನೀನು ಹೋದ ಮೇಲೆ ಗೋಡೆ ಬಿಚ್ಚಿದೆ, ಕಣ್ಣಾರೆ ಕಂಡೆ. ಸದ್ದಿಲ್ಲದೆ ಬೇರೆ ಎಲ್ಬೋ ಹಾಕಿದೆ. ಆ ಬಿಲ್ಡಿಂಗಿನ ಉಳಿದ ಮನೆಗಳ ಕೆಲಸ ನನಗೇ ಬರುವುದಿತ್ತು, ಹೆದರಿದೆ. ಇವತ್ತು ಹೇಳುವಾ, ನಾಳೆ ಹೇಳುವಾ ಎಂದು ಒಂದು ತಿಂಗಳು ಕಳೆಯಿತು. ಆಮೇಲೆ ಹೇಳಲಿಕ್ಕೆ ಮುಖ ಇರಲಿಲ್ಲ. ಬೇರೆ ಕಡೆ ನಿನಗೆ ಕೆಲಸ ಸಿಕ್ಕಿರಬಹುದು, ಮರೆತಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೀನು ಗೋಡೆಯನ್ನೇ ಬಿಟ್ಟದ್ದು ನನಗೆ ಗೊತ್ತಿರಲಿಲ್ಲ. ನೆಲದ ಕೆಲಸಕ್ಕೆ ಹೋದದ್ದರಿಂದ ಕಲ್ಲು ಕತ್ತರಿಸುವ ಮಷೀನು ಹಿಡಿದೆ, ಮಷೀನು ಹಿಡಿದದ್ದರಿಂದ... ಮುಂದಿನದು ಬರೆಯಲಿಕ್ಕೆ ನನ್ನ ಕೈ ಬರುವುದಿಲ್ಲ.

ಆ ಹಳೆಯ ಎಲ್ಬೋ ನನ್ನ ಸಾಮಾನಿನ ಚೀಲದ ತಳದಲ್ಲಿ ಇವತ್ತಿಗೂ ಇದೆ. ಬಿಸಾಡಲಿಕ್ಕೆ ಆಗಲಿಲ್ಲ.

ಟಬ್ಬಿನ ಮಾತು ಇನ್ನು ಇಲ್ಲ. ನೀನು ಬರಬೇಕೆಂದು ಇದನ್ನು ಬರೆಯಲಿಲ್ಲ. ನಿನ್ನ ಕೈ ಸರಿಯಾಗಿತ್ತು, ಅದು ನಿನಗೆ ಗೊತ್ತಾಗಬೇಕು. ನನ್ನನ್ನು ಕ್ಷಮಿಸು ಎನ್ನಲು ನನಗೆ ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ.

ದೇವದಾಸ್


ಡೊಂಬಿವಲಿ
20 ಸೆಪ್ಟೆಂಬರ್ 2009

ಅಂಬಾರಾಯಣ್ಣನಿಗೆ,

ಮೂರು ವಾರವಾಯಿತು, ನಿಮ್ಮಿಂದ ಕಾಗದವಿಲ್ಲ. ಬರೆಯಿರಿ ಎಂದು ಒತ್ತಾಯ ಮಾಡುವುದಿಲ್ಲ. ವಿಷಯ ಕೇಳಿ ನಾನೂ ನಾಲ್ಕು ದಿನ ಇವರ ಜೊತೆ ಮಾತಾಡಲಿಲ್ಲ. ಇವರ ಪರವಾಗಿ ಕ್ಷಮೆ ಕೇಳುವುದೂ ಇಲ್ಲ, ಅದು ಇವರೇ ಕೇಳಬೇಕಾದದ್ದು.

ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಇವರು ಭಾನುವಾರವೂ ಕೆಳಗೆ ಹೋಗಿ ನಿಲ್ಲುತ್ತಾರೆ. ಭಾನುವಾರ ಪೋಸ್ಟ್ ಇಲ್ಲ ಎಂದು ಇವರಿಗೆ ಹೇಳುವ ಧೈರ್ಯ ನನಗಿಲ್ಲ.

ಟಬ್ಬು ಕೂರದಿದ್ದರೆ ಬೇಡ. ನೀವು ಬೇಕಾದರೆ ತೆಗೆದುಕೊಂಡು ಹೋಗಿ, ಟೈಲ್ಸ್ ನೆನೆಸಲು ಆಗುತ್ತದೆ. ನೀವು ಮಾತ್ರ ಮುಕ್ತಾಳನ್ನು ಕರೆದುಕೊಂಡು ಊಟಕ್ಕೆ ಬನ್ನಿ. ಹುರುಳಿ ಸಾರು ಮಾಡಲು ಮೊಣಕಾಲು ಬೇಕಾಗಿಲ್ಲ, ಸ್ಟೂಲಿನ ಮೇಲೆ ಕೂತು ಮಾಡುತ್ತೇನೆ.

ನಳಿನಾಕ್ಷಿ


ಕಲ್ಯಾಣ ಪೂರ್ವ
28 ಸೆಪ್ಟೆಂಬರ್ 2009, ವಿಜಯದಶಮಿ

ದೇವದಾಸ,

ನಿನ್ನ ಕಾಗದ ಓದಿದ ದಿನ ಕೈಯಲ್ಲಿದ್ದ ಚಹಾದ ಕಪ್ಪು ಗೋಡೆಗೆ ಎಸೆದೆ. ಎಂಟು ವರ್ಷ! ನಿನಗೆ ಹೇಳಲು ಒಂದು ಮಾತು ಸಾಕಿತ್ತು. ಜನರ ಮುಂದೆ ಬೇಡ, ನನ್ನ ಒಬ್ಬನ ಮುಂದೆ ಹೇಳಿದ್ದರೂ ಸಾಕಿತ್ತು. ನಿನ್ನ ತಪ್ಪನ್ನು ನಾನು ಬೇಕಾದರೆ ನನ್ನದೆಂದೇ ಹೊರಗೆ ಹೇಳುತ್ತಿದ್ದೆ. ಆದರೆ ಒಳಗೆ ನನಗೆ ಗೊತ್ತಿರುತ್ತಿತ್ತು. ಅದನ್ನೂ ನೀನು ಕೊಡಲಿಲ್ಲ.

ಸಿಟ್ಟು ಇನ್ನೂ ಇದೆ. ಇಲ್ಲ ಎಂದು ಸುಳ್ಳು ಬರೆಯುವುದಿಲ್ಲ.

ಆದರೆ ಹತ್ತು ದಿನದ ಹಿಂದೆ ಮಾಲು ಕಲಸಿ, ನಮ್ಮ ಅಡುಗೆಮನೆಯ ಒಲೆಯ ಹಿಂದೆ ಆರು ಟೈಲ್ಸ್ ಹಚ್ಚಿದೆ. ಕೈ ತಾನಾಗಿಯೇ ನಡೆಯಿತು. ಮುಕ್ತಾ ನಾಣ್ಯ ಬಡಿದು ನೋಡಿ "ಬಾಬಾ, ಪಕ್ಕಾ ಆಹೇ", ಗಟ್ಟಿ ಇದೆ ಅಪ್ಪಾ ಎಂದು ಕೂಗಿದಳು. ನಾನು ಅಲ್ಲೇ ಕೂತು ಅತ್ತೆ. ಅವಳು ಹೆದರಿ ನೀರು ತಂದಳು.

ಅಕ್ಟೋಬರ್ 4ನೇ ತಾರೀಖು ಭಾನುವಾರ ಬರುತ್ತೇನೆ, ತಂಗಿಯ ಸಲುವಾಗಿ. ನೀನು ಮನೆಯಲ್ಲಿರಬೇಕು. ಇಟ್ಟಿಗೆ ಹೊರುವವನು, ಮಾಲು ಕಲಸುವವನು ನೀನೇ, ಬೇರೆ ಯಾರೂ ಬೇಡ. ಮೊದಲ ಭಾನುವಾರ ಬಾಗಿದ ಗೋಡೆ ಕಟ್ಟುತ್ತೇನೆ. ಆ ಇಡೀ ವಾರ ಟಬ್ಬಿಗೆ ನೀರು ಬಿಟ್ಟು, ಒಂದೊಂದು ಜಾಯಿಂಟಿಗೂ ಒಣಗಿದ ಕಾಗದ ಸುತ್ತಿಡು. ಕಾಗದ ಒಣಗೇ ಇದ್ದರೆ ಮಾತ್ರ ಎರಡನೆಯ ಭಾನುವಾರ ಮುಚ್ಚುತ್ತೇನೆ. ಪೈಪಿನ ಎದುರಿಗೆ ಒಂದು ಟೈಲ್ಸ್ ಸಿಮೆಂಟಿಲ್ಲದೆ ಕೂರಿಸುತ್ತೇನೆ, ಯಾವಾಗ ಬೇಕಾದರೂ ತೆಗೆದು ನೋಡುವ ಹಾಗೆ.

ಇನ್ನೊಂದು. ಟೈಲ್ಸ್ ಹಚ್ಚಿದ ಮೇಲೆ ಬಡಿದು ನೋಡಬೇಕು. ನನಗೆ ಕೇಳಿಸುವುದಿಲ್ಲ. ನೀನು ಬಡಿದು ಕೇಳಿ ಹೇಳಬೇಕು. ನೀನು ಹೇಳಿದ್ದನ್ನು ನಾನು ನಂಬಬೇಕು. ಆಗುತ್ತದೋ ಇಲ್ಲವೋ ನನಗೇ ಗೊತ್ತಿಲ್ಲ.

ಇದರಲ್ಲಿ ಇಟ್ಟಿರುವ ಬನ್ನಿಯ ಎಲೆ ನಳಿನಾಕ್ಷಿ ತಂಗಿಗೆ. ನಿನಗೆ ಇಡಲು ಮನಸ್ಸು ಬರಲಿಲ್ಲ.

ಅಂಬಾರಾಯ


ಡೊಂಬಿವಲಿ
19 ಅಕ್ಟೋಬರ್ 2009

ಅಂಬಾರಾಯಣ್ಣನಿಗೆ ನಳಿನಾಕ್ಷಿಯ ನಮಸ್ಕಾರಗಳು.

ಟೈಲ್ಸ್ ಹಚ್ಚಿ ನೀವು ಹೋದ ಮೇಲೆ ಆದದ್ದನ್ನು ಆಮೇಲೆ ಹೇಳುತ್ತೇನೆ. ಮೊದಲು, ನಿಮಗೆ ಕೇಳಿಸದೆ ಹೋದದ್ದನ್ನು ಹೇಳಬೇಕು.

ಆ ಎರಡನೆಯ ಭಾನುವಾರ ನೀವಿಬ್ಬರೂ ಬೆಳಿಗ್ಗೆಯಿಂದ ಒಂದು ಮಾತೂ ಆಡದೆ ಕೆಲಸ ಮಾಡಿದಿರಿ. ನಾನು ಬಚ್ಚಲಿನ ಹೊರಗೆ ಸ್ಟೂಲಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಸಂಜೆ ಹೊತ್ತಿಗೆ ಇವರು ನಾಣ್ಯ ತೆಗೆದುಕೊಂಡು ಬಡಿಯಲು ಶುರು ಮಾಡಿದರು. ಟಕ್, ಟಕ್, ಟಕ್ ಎಂದು ಒಂದೇ ಸಮನೆ ಗಟ್ಟಿ ಶಬ್ದ. ಹಾಗೇ ಬರುತ್ತಾ ಬರುತ್ತಾ ಒಂದು ಕಡೆ ಶಬ್ದ ಬೇರೆಯಾಯಿತು. ಹೊರಗಿದ್ದ ನನಗೇ ಗೊತ್ತಾಯಿತು, ಅದು ಪೊಳ್ಳು ಎಂದು. ಇವರು ಕೈ ನಿಲ್ಲಿಸಿದರು.

ಅಣ್ಣ, ಇಷ್ಟು ಚೆಂದ ಕೂತ ಕೆಲಸ, ಇಡೀ ದಿನ ಬಗ್ಗಿ ನಿಮ್ಮ ಬೆನ್ನು ನೋಯುತ್ತಿತ್ತು, ನಿಮಗೆ ಕೇಳುವುದೂ ಇಲ್ಲ. ಸುಮ್ಮನೆ ಮುಂದಿನದಕ್ಕೆ ಹೋಗಬಹುದಿತ್ತು. ಇವರು ಹೋಗಲಿಲ್ಲ. ಮತ್ತೊಮ್ಮೆ ಅಲ್ಲೇ ಬಡಿದರು. ಆಮೇಲೆ ನಿಮ್ಮ ಕಿವಿಯ ಹತ್ತಿರ ಇರಬೇಕು, ಕೆಳಗಿನ ಮಾಳಿಗೆಗೂ ಕೇಳುವ ಹಾಗೆ "ಅಂಬಾರಾಯಾ, ಇದು ಪೊಳ್ಳು!" ಎಂದು ಕೂಗಿದರು. ನೀವು ಕರಣಿಯಿಂದ ಪಟ್ಟಿ ಕೀಳುವ ಶಬ್ದ ಕೇಳಿಸಿತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ, ಬೆಳ್ಳುಳ್ಳಿಗೆ ಯಾರೂ ಅಳುವುದಿಲ್ಲವಾದರೂ.

ಇನ್ನು ಹಬ್ಬದ ಸುದ್ದಿ. ಹಿಂದಿನ ಸಂಜೆ ಇವರು ಟಬ್ಬು ತೊಳೆದು, ಅಂಚಿಗೆ ಸುಣ್ಣದ ಗೆರೆ ಎಳೆದು, ಕುಂಕುಮ ಇಟ್ಟು, ಬಳ್ಳಿ ಸಿಗದೆ ಗೊಂಡೆಹೂವಿನ ಮಾಲೆ ಸುತ್ತಿ ನೀರು ತುಂಬಿಸಿದರು. ಗೇರುಬೀಜಕ್ಕೆ ಪೂಜೆ ಮಾಡಿದ್ದು ನಾವೇ ಮೊದಲಿರಬೇಕು. ಬೆಳಿಗ್ಗೆ ಇವರೇ ನನ್ನ ತಲೆಗೆ ಎಣ್ಣೆ ಹಚ್ಚಿದರು. ನಿಮ್ಮ ಗೋಡೆಯ ಮೇಲೆ ಕೂತು, ಒಂದೊಂದೇ ಕಾಲು ಒಳಗಿಟ್ಟು, ನೀರಿಗೆ ಇಳಿದೆ. ತಲೆ ದಕ್ಷಿಣಕ್ಕೆ. ಮೊಣಕಾಲಿನ ನೋವು ಸ್ವಲ್ಪ ಸ್ವಲ್ಪವೇ ಬಿಟ್ಟಿತು. ಅಮ್ಮನ ನೆನಪಾಯಿತು. ಇವರು ಬಾಗಿಲ ಹೊರಗಿಂದ "ನೀರು ಸರಿ ಉಂಟಾ? ಎಲ್ಲಾದರೂ ಒಸರ್ತದಾ?" ಎಂದು ಹತ್ತು ಸಲ ಕೇಳಿದರು. ಈಗ ದಿನಾ ಸಿಮೆಂಟಿಲ್ಲದ ಆ ಟೈಲ್ಸ್ ತೆಗೆದು, ಒಳಗೆ ಕೈ ಹಾಕಿ ಮುಟ್ಟಿ ನೋಡುತ್ತಾರೆ. ಒಣಗಿದೆ ಅಣ್ಣ.

ನೀವು ನನಗೆ ಕೊಟ್ಟದ್ದು ಏನೆಂದು ನಿಮಗೆ ಗೊತ್ತಿಲ್ಲ. ಮುಕ್ತಾಳಿಗೆ ಚಕ್ಕುಲಿ ಕಳಿಸಿದ್ದೇನೆ.

ನಿಮ್ಮ ತಂಗಿ,
ನಳಿನಾಕ್ಷಿ


ಕಲ್ಯಾಣ ಪೂರ್ವ
3 ನವೆಂಬರ್ 2009

ದೇವದಾಸನಿಗೆ ಶರಣು.

ತಂಗಿಯ ಕಾಗದ ಮತ್ತು ಚಕ್ಕುಲಿ ಎರಡೂ ತಲುಪಿದವು. ಚಕ್ಕುಲಿ ಮುಗಿಯಿತು. ಕಾಗದ ಇಟ್ಟುಕೊಂಡಿದ್ದೇನೆ.

ನಿನಗೊಂದು ಮಾತು ಹೇಳಬೇಕು. ಆ ಪೊಳ್ಳು ಪಟ್ಟಿ ಕೈ ತಪ್ಪಿ ಆದದ್ದಲ್ಲ. ಅದರ ಹಿಂದೆ ನಾಲ್ಕು ಮೂಲೆಗೆ ಮಾತ್ರ ಮಾಲು ಇಟ್ಟು, ನಡುವೆ ನಾನೇ ಬೇಕೆಂದು ಖಾಲಿ ಬಿಟ್ಟಿದ್ದೆ. ನೀನು ಏನು ಮಾಡುತ್ತೀ ನೋಡೋಣವೆಂದು. ನೀನು ಬಡಿದು ಕೈ ನಿಲ್ಲಿಸಿದೆಯಲ್ಲ, ಆಗ ನಾನು ಉಸಿರು ಹಿಡಿದಿದ್ದೆ. ನೀನು ಕೂಗಿದಾಗ ನನಗೆ ಕೇಳಿಸಿತು. ಇದನ್ನು ಹೇಳಿದ್ದಕ್ಕೆ ಮುಕ್ತಾ ನನ್ನನ್ನು ಬೈದಳು. ನೀನೂ ಬೇಕಾದರೆ ಬೈಯಿ. ಆದರೆ ನನಗೆ ತಿಳಿಯಲೇಬೇಕಿತ್ತು.

ಆ ಎಲ್ಬೋವನ್ನು ಇನ್ನು ಬಿಸಾಡು. ಚೀಲದಲ್ಲಿ ಸುಮ್ಮನೆ ಭಾರ.

ಠಾಣೆಯಲ್ಲಿ ಒಂದು ಮನೆಯ ಕೆಲಸ ಒಪ್ಪಿಕೊಂಡಿದ್ದೇನೆ. ಎರಡು ಬಾತ್‌ರೂಮು, ಗೋಡೆಗೆ ತಳದಿಂದ ಮೇಲಿನವರೆಗೆ ಟೈಲ್ಸ್. ಎಂಟು ವರ್ಷದ ಮೇಲೆ ಮೊದಲ ಗೋಡೆ. ಹಚ್ಚಲು ನನಗೆ ಕೈ ಇದೆ, ಬಡಿದು ಕೇಳಲು ಕಿವಿ ಇಲ್ಲ. ಬರುವ ಭಾನುವಾರ ಬೆಳಿಗ್ಗೆ ಕಲ್ಯಾಣದಿಂದ ಎಂಟು ಗಂಟೆಯ ಲೋಕಲ್ಲಿಗೆ ಹತ್ತುತ್ತೇನೆ, ಮುಂದಿನಿಂದ ಎರಡನೆಯ ಡಬ್ಬಿ. ಡೊಂಬಿವಲಿಯಲ್ಲಿ ನೀನು ಹತ್ತು. ಪಾನಾ ಬೇಡ, ನಾಣ್ಯ ತಾ.

ಬನ್ನಿಯ ಎಲೆ ಇದರಲ್ಲಿದೆ. ಒಣಗಿ ಹೋಗಿದೆ. ನಿನ್ನದೆಂದು ಆ ದಿನವೇ ತೆಗೆದಿಟ್ಟಿದ್ದೆ.

ನಿನ್ನ,
ಅಂಬಾರಾಯ